ಮಕ್ಕಳ ನಡುವೆ ನಿಲ್ಲುವವರ ಆಚಾರ

ಬೇಸಿಗೆ ಬಂದಿತೆಂದರೆ ಶಾಲೆಗಳ ಬಾಗಿಲು ಮುಚ್ಚುತ್ತವೆ, ಶಿಬಿರಗಳ ಬಾಗಿಲು ತೆರೆಯುತ್ತವೆ. ಏಪ್ರಿಲ್ ತಿಂಗಳ ನಡುವಿನಿಂದ ಮೇ ತಿಂಗಳ ಕೊನೆಯವರೆಗೆ ನಮ್ಮ ನಾಡಿನ ಊರೂರುಗಳಲ್ಲಿ ಮಠಗಳು, ಶಾಲೆಗಳು, ರಂಗಸಂಸ್ಥೆಗಳು, ಯುವಕ ಸಂಘಗಳು ಮಕ್ಕಳಿಗಾಗಿ ಶಿಬಿರಗಳನ್ನು ನಡೆಸುತ್ತವೆ. ಕೆಲವು ಹಗಲಿನ ಶಿಬಿರಗಳು. ಕೆಲವು ಎಂಟು ಹತ್ತು ದಿನ ಮಕ್ಕಳನ್ನು ಅಲ್ಲಿಯೇ ಇರಿಸಿಕೊಳ್ಳುವಂಥವು. ತಂದೆತಾಯಿಗಳು ಮಗುವಿನ ಹಾಸಿಗೆಯ ಸುರುಳಿ, ತಟ್ಟೆ, ಲೋಟ, ನಾಲ್ಕು ಜೊತೆ ಬಟ್ಟೆಗಳೊಡನೆ ಬಂದು ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರು: ಊಟ ಹೇಗೆ? ಮಲಗುವ ಸ್ಥಳ ಎಲ್ಲಿ? ಏನೇನು ಕಲಿಸುತ್ತೀರಿ? ಈ ಮೂರಕ್ಕೂ ಉತ್ತರ ದೊರೆತರೆ ಅವರು ಸಮಾಧಾನದಿಂದ ಹಿಂದಿರುಗುತ್ತಾರೆ.

ಆದರೆ ನಾಲ್ಕನೆಯದೊಂದು ಪ್ರಶ್ನೆಯುಂಟು. ಅದನ್ನು ಕೇಳುವವರು ವಿರಳ. ‘ನಮ್ಮ ಮಗುವಿನೊಡನೆ ಹಗಲಿರುಳು ಇರುವವರು ಯಾರು? ಅವರು ಮಕ್ಕಳೊಡನೆ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಅವರಿಗೆ ಯಾರಾದರೂ ಹೇಳಿದ್ದಾರೆಯೆ?’ ಎಂಬುದೇ ಆ ಪ್ರಶ್ನೆ. ಮೇಲುನೋಟಕ್ಕೆ ಇದು ವ್ಯವಸ್ಥೆಗೆ ಸಂಬಂಧಿಸಿದ ಸಾಮಾನ್ಯ ವಿಚಾರವೆಂದು ತೋರೀತು. ಒಳಹೊಕ್ಕು ನೋಡಿದರೆ ಇದು ಧರ್ಮದ ಪ್ರಶ್ನೆ. ಒಬ್ಬನು ಇನ್ನೊಬ್ಬನಿಂದ ಇಂಥ ನಡತೆಯನ್ನು ನಿರೀಕ್ಷಿಸುವ ಅಧಿಕಾರ ಎಲ್ಲಿಂದ ಬರುತ್ತದೆ? ಆ ನಿರೀಕ್ಷೆಯನ್ನು ತಿಳಿಸಬೇಕಾದ ರೀತಿ ಯಾವುದು? ಅದು ಮುರಿದಾಗ ಮಾಡತಕ್ಕದ್ದೇನು? ಈ ವಿಷಯವನ್ನು ಸದ್ಭಕ್ತರಾದ ವಾಚಕರೊಡನೆ ಕಿಂಚಿತ್ ವಿಚಾರಿಸಬೇಕೆಂಬುದು ಪ್ರಸ್ತುತ ಲೇಖನದ ಉದ್ದೇಶ.

ಶಿಬಿರವೆಂಬುದು ಈ ರೂಪದಲ್ಲಿ ನಮಗೆ ಹೊರಗಿನಿಂದ ಬಂದುದು. 1861ರಲ್ಲಿ ಅಮೆರಿಕದ ಕನೆಕ್ಟಿಕಟ್ ಪ್ರಾಂತದ ಫ್ರೆಡರಿಕ್ ಗನ್ ಎಂಬ ಉಪಾಧ್ಯಾಯನು ತನ್ನ ಶಾಲೆಯ ಹುಡುಗರನ್ನು ಕಡಲತೀರಕ್ಕೆ ನಡೆಸಿಕೊಂಡು ಹೋಗಿ, ಅಲ್ಲಿ ಡೇರೆಗಳಲ್ಲಿ ಸುಮಾರು ಎರಡು ವಾರ ಇರಿಸಿದನು. ಬೇಸಿಗೆ ಶಿಬಿರಗಳ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಂದಲೇ ತೊಡಗುತ್ತಾರೆ. 1907ರ ಆಗಸ್ಟಿನಲ್ಲಿ ಬೇಡನ್ ಪೊವೆಲ್ಲರು ಇಂಗ್ಲೆಂಡಿನ ದಕ್ಷಿಣ ತೀರದ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರನ್ನು ಕೂಡಿಸಿ, ನಾಲ್ಕು ದಳಗಳನ್ನಾಗಿ ಮಾಡಿ, ಒಂದೊಂದು ದಳಕ್ಕೆ ಅವರಲ್ಲಿಯೇ ಹಿರಿಯನಾದ ಹುಡುಗನೊಬ್ಬನನ್ನು ನಾಯಕನನ್ನಾಗಿ ನಿಯಮಿಸಿದರು. ಕಿರಿಯರನ್ನು ನೋಡಿಕೊಳ್ಳುವವನೂ ಇನ್ನೂ ಕಿರಿಯನೇ ಎಂಬುದು ಇಲ್ಲಿ ಲಕ್ಷಿಸಬೇಕಾದ ಸಂಗತಿ. ಇಂದಿಗೂ ಶಿಬಿರಗಳ ಸ್ವರೂಪ ಇದೇ. ಮುಖ್ಯಸ್ಥರು ವಯಸ್ಸಾದವರಿರಬಹುದು, ಆದರೆ ಮಕ್ಕಳನ್ನು ಎಬ್ಬಿಸುವವರು, ಸ್ನಾನಕ್ಕೆ ಕಳುಹಿಸುವವರು, ಪಂಕ್ತಿಯಲ್ಲಿ ಬಡಿಸುವವರು, ರಾತ್ರಿ ಅವರ ಬಳಿ ಮಲಗುವವರು ಹದಿನೆಂಟು ಇಪ್ಪತ್ತು ವಯಸ್ಸಿನ ಕಾಲೇಜು ವಿದ್ಯಾರ್ಥಿಗಳು. ಅವರಿಗೆ ಉತ್ಸಾಹವುಂಟು, ಮಕ್ಕಳ ಮೇಲೆ ಪ್ರೀತಿಯೂ ಉಂಟು. ಆದರೆ ಮತ್ತೊಬ್ಬರ ಮಗುವನ್ನು ನೋಡಿಕೊಂಡ ಅನುಭವ ಮಾತ್ರ ಇರುವುದಿಲ್ಲ.

ಇಲ್ಲಿ ನನ್ನ ಜೀವನದ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಹೇಳಲು ಸಂತೋಷವಿಲ್ಲ, ಆದರೆ ಹೇಳದಿದ್ದರೆ ಮುಂದಿನ ಮಾತಿಗೆ ಆಧಾರವಿರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಉತ್ತರ ಕರ್ನಾಟಕದ ಒಂದು ಊರಿನಲ್ಲಿ ಹತ್ತು ದಿನಗಳ ಶಿಬಿರವೊಂದರ ಹೊಣೆ ನನ್ನ ಮೇಲೆ ಬಿದ್ದಿತು. ಮಕ್ಕಳು ಸುಮಾರು ಅರವತ್ತು, ಕಾರ್ಯಕರ್ತರು ಎಂಟು ಮಂದಿ. ಮೂವತ್ತು ವರ್ಷ ಉಪಾಧ್ಯಾಯನಾಗಿದ್ದವನಿಗೆ ಇದೇನು ಕಷ್ಟವೆಂದು ನಾನು ಒಪ್ಪಿಕೊಂಡೆನು. ಶಿಬಿರದ ಹಿಂದಿನ ಸಂಜೆ ಎಂಟು ಮಂದಿಯನ್ನೂ ಕೂಡಿಸಿ ಒಂದು ಗಂಟೆಯ ಕಾಲ ಮಾತನಾಡಿದೆನು. ಪ್ರೀತಿಯಿಂದಿರಿ, ಸೇವಾಭಾವ ಇರಲಿ, ಶಿಸ್ತು ತಪ್ಪಬಾರದು ಎಂದೆನು. ಎಲ್ಲರೂ ತಲೆದೂಗಿದರು. ನನ್ನ ಕರ್ತವ್ಯ ಮುಗಿಯಿತೆಂದು ತಿಳಿದೆನು.

ನಾಲ್ಕನೆಯ ದಿನ ಬೆಳಗ್ಗೆ ಎಂಟು ವರ್ಷದ ಹುಡುಗನೊಬ್ಬನು ಹಾಸಿಗೆಯನ್ನು ಒದ್ದೆಮಾಡಿಕೊಂಡಿದ್ದನು. ಆ ಕೋಣೆಯ ಮೇಲ್ವಿಚಾರಣೆಯಲ್ಲಿದ್ದ ತರುಣನು, ಮಕ್ಕಳೆಲ್ಲ ಪ್ರಾರ್ಥನೆಗೆ ಸಾಲಾಗಿ ನಿಂತಿದ್ದಾಗ, ಆ ಒದ್ದೆಯ ಚಾಪೆಯನ್ನು ಹುಡುಗನ ತಲೆಯ ಮೇಲೆ ಹೊರಿಸಿ ಅಂಗಳದ ಈ ತುದಿಯಿಂದ ಆ ತುದಿಯವರೆಗೆ ನಡೆಸಿದನು. ಮಕ್ಕಳು ನಕ್ಕರು. ಹುಡುಗನು ಅಳಲಿಲ್ಲ, ಆದರೆ ಆ ದಿನ ಊಟ ಮಾಡಲಿಲ್ಲ.

ವಿಷಯ ತಿಳಿದಾಗ ನನಗೆ ಬಂದ ಸಿಟ್ಟು ಹೇಳತೀರದು. ಮಧ್ಯಾಹ್ನ ಬಡಿಸುವವರೂ ಕಾರ್ಯಕರ್ತರೂ ಎಲ್ಲರೂ ಇದ್ದ ಅಡುಗೆಯ ಮನೆಯ ಮುಂದೆಯೇ ಅವನನ್ನು ನಿಲ್ಲಿಸಿ, “ನಿನಗೆ ಮನುಷ್ಯತ್ವವಿದೆಯೇನೋ?” ಎಂದು ಗದರಿಸಿದೆನು. ಅವನು ತಲೆ ತಗ್ಗಿಸಿ, “ಗುರುಗಳೇ, ನಾನಿದ್ದ ಹಾಸ್ಟೆಲಿನಲ್ಲಿ ನನಗೂ ಹೀಗೆಯೇ ಮಾಡಿದ್ದರು. ಶಿಸ್ತು ತಪ್ಪಬಾರದೆಂದು ನೀವೇ ಹೇಳಿದ್ದಿರಿ” ಎಂದನು. ನನಗೆ ಉತ್ತರ ಹೊಳೆಯಲಿಲ್ಲ. ಅವನನ್ನು ಹೋಗೆಂದು ಕಳುಹಿಸಿದೆನು.

ಸಂಜೆ ಅಡುಗೆಯ ವೃದ್ಧೆ ನನ್ನ ಮುಂದೆ ಚಹದ ಲೋಟವನ್ನಿಟ್ಟು ಮೆಲ್ಲಗೆ ಹೇಳಿದಳು: “ಮಾಸ್ತರ, ಸಿಟ್ಟಾಗಬ್ಯಾಡ್ರಿ. ಅಂವ ಆ ಕೂಸಿಗೆ ಮಾಡಿದ್ದನ್ನ ನೀವು ಅವಗ ಮಾಡಿದ್ರಿ, ಅಷ್ಟ.”

ಅಕ್ಷರ ಬಾರದ ಆ ತಾಯಿಯ ಮಾತು ನನ್ನ ಮೂವತ್ತು ವರ್ಷಗಳ ಉಪಾಧ್ಯಾಯ ವೃತ್ತಿಯನ್ನು ತೂಗಿ ನೋಡಿತು. ಅವಳು ಹೇಳಿದುದು ನಿಜ. ಹುಡುಗನನ್ನು ಹತ್ತು ಜನರೆದುರು ನಾಚಿಸಿದವನು ತರುಣ. ತರುಣನನ್ನು ಹತ್ತು ಜನರೆದುರು ನಾಚಿಸಿದವನು ನಾನು. ಅವನಿಗಾದರೂ ಹೇಳಿಕೊಟ್ಟವರಿರಲಿಲ್ಲ. ನನಗೆ ಆ ನೆಪವೂ ಇರಲಿಲ್ಲ.

ಈ ಪ್ರಸಂಗದ ಮೂಲದಲ್ಲಿರುವ ತಪ್ಪು ಯಾವುದು? ತರುಣನು ಕ್ರೂರಿಯಾಗಿರಲಿಲ್ಲ. ಆತನು ಬೆಳಗಿನ ಜಾವ ಎದ್ದು ಮಕ್ಕಳಿಗೆ ನೀರು ಕಾಯಿಸುತ್ತಿದ್ದವನು. ‘ಶಿಸ್ತು’ ಎಂಬ ಶಬ್ದವನ್ನು ನಾನು ಉಚ್ಚರಿಸಿದಾಗ ನನ್ನ ಮನಸ್ಸಿನಲ್ಲಿದ್ದ ಅರ್ಥ ಒಂದು. ಅವನ ಕಿವಿಗೆ ಬಿದ್ದ ಅರ್ಥ, ಅವನ ಬಾಲ್ಯ ಅವನಿಗೆ ಕಲಿಸಿದ್ದ ಅರ್ಥ. ದೊಡ್ಡ ಶಬ್ದಗಳ ಸ್ವಭಾವವೇ ಹೀಗೆ. ಪ್ರೀತಿ, ಸೇವೆ, ಶಿಸ್ತು ಎಂಬುವು ಖಾಲಿ ಪಾತ್ರೆಗಳು. ಕೇಳುವವನು ತಾನು ಉಂಡುದನ್ನೇ ಅವುಗಳಲ್ಲಿ ತುಂಬಿಕೊಳ್ಳುತ್ತಾನೆ. ಆದುದರಿಂದ ಇಂತಹ ನಡತೆ ಬೇಕು, ಇಂತಹದು ಕೂಡದು ಎಂದು ಬಿಡಿಸಿ ಹೇಳದೆ ಒಬ್ಬನಿಂದ ಅದನ್ನು ನಿರೀಕ್ಷಿಸುವುದು ಅನ್ಯಾಯ. ಹೇಳದೆ ಇದ್ದು, ತಪ್ಪಿದಾಗ ದಂಡಿಸುವುದು ಇನ್ನೂ ದೊಡ್ಡ ಅನ್ಯಾಯ.

ಶರಣರ ಚರಿತೆಯಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯನ್ನು ಕೇಳದವರಾರು? ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಕಂಡು, ಅಗತ್ಯಕ್ಕೆ ಮೀರಿದುದು ನಮಗೆ ಸಲ್ಲದೆಂದು, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಎಚ್ಚರಿಸಿದರು. ಈ ಕಥೆಯನ್ನು ನಾವು ಅಪರಿಗ್ರಹದ ಉದಾಹರಣೆಯಾಗಿ ಹೇಳುವುದುಂಟು. ಅದು ಸರಿಯೇ. ಆದರೆ ಒಬ್ಬರು ಇನ್ನೊಬ್ಬರನ್ನು ತಿದ್ದುವ ರೀತಿಗೂ ಇದು ಉದಾಹರಣೆ.

ಇಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ಮೊದಲನೆಯದು, ಅಳತೆ ಮೊದಲೇ ಗೊತ್ತಿದ್ದಿತು. ದಿನದ ಅಗತ್ಯವೆಷ್ಟೆಂಬುದು ಇಬ್ಬರಿಗೂ ತಿಳಿದ ವಿಷಯ. ಎರಡನೆಯದು, ಎಚ್ಚರಿಸಿದವರು ತಾವೂ ಅದೇ ಅಳತೆಯಲ್ಲಿ ಬದುಕುತ್ತಿದ್ದರು. ಹೆಚ್ಚಿನ ಅಕ್ಕಿಯನ್ನು ಬಿಟ್ಟುಕೊಟ್ಟಾಗ ಲಕ್ಕಮ್ಮನವರ ಒಲೆಯ ಮೇಲಿನ ಪಾತ್ರೆಯೂ ಅಷ್ಟೇ ಬರಿದಾಯಿತು. ಮೂರನೆಯದು, ಮಾತು ಮನೆಯೊಳಗೆ ನಡೆಯಿತು, ಕಲ್ಯಾಣದ ಬೀದಿಯಲ್ಲಲ್ಲ. ಉದ್ದೇಶ ಪತಿಯ ಕಾಯಕವನ್ನು ಶುದ್ಧಗೊಳಿಸುವುದೇ ಹೊರತು ಅವರನ್ನು ಕುಗ್ಗಿಸುವುದಾಗಿರಲಿಲ್ಲ. ಅಳತೆ ಮೊದಲೇ ತಿಳಿದಿರಬೇಕು, ಹೇಳುವವನು ತಾನು ನಡೆಯಬೇಕು, ತಿದ್ದುವಾಗ ಮಾನವನ್ನು ಕಾಯಬೇಕು. ಶಿಬಿರಕ್ಕೆ ಬೇಕಾದ ನೀತಿಯೆಲ್ಲ ಈ ಮೂರರಲ್ಲಿ ಅಡಗಿದೆ.

ಅಳತೆಯ ವಿಷಯವನ್ನು ಮೊದಲು ನೋಡೋಣ. ಮರುವರ್ಷ ಅದೇ ಶಿಬಿರಕ್ಕೆ ಮೊದಲು ಎರಡು ದಿನ ಕಾರ್ಯಕರ್ತರನ್ನು ಕೂಡಿಸಿಕೊಂಡೆವು. ಈ ಬಾರಿ ಉಪನ್ಯಾಸವಿರಲಿಲ್ಲ. ನಡತೆಯನ್ನು ಕೆಲಸದ ರೂಪದಲ್ಲಿ, ಒಂದೊಂದಕ್ಕೂ ಕಾರಣ ಸಹಿತವಾಗಿ, ಬರೆದಿಟ್ಟೆವು. ಮಗುವಿನ ಮೇಲೆ ಕೈಮಾಡಕೂಡದು. ಬಿಸಿಲಲ್ಲಿ ನಿಲ್ಲಿಸುವುದು, ಊಟ ತಪ್ಪಿಸುವುದು ಕೂಡದು, ಏಕೆಂದರೆ ಹಸಿವು ಯಾವ ಪಾಠವನ್ನೂ ಕಲಿಸುವುದಿಲ್ಲ. ಮಗುವಿನ ಬಣ್ಣ, ಮೈಕಟ್ಟು, ಮಾತಿನ ರೀತಿ, ಜಾತಿ, ಮನೆತನಗಳನ್ನು ಹಿಡಿದು ಹೆಸರಿಡಕೂಡದು. ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳುವುದು, ಮನೆಯನ್ನು ನೆನೆದು ಅಳುವುದು, ನಿಧಾನವಾಗಿ ಉಣ್ಣುವುದು ಇವು ಅಪರಾಧಗಳಲ್ಲ. ಇವುಗಳನ್ನು ಇತರ ಮಕ್ಕಳಿಗೆ ತಿಳಿಯದಂತೆ ನಿವಾರಿಸಬೇಕು. ಒಂದು ಸ್ಥಳದಿಂದ ಇನ್ನೊಂದು ಸ್ಥಳಕ್ಕೆ ಹೋಗುವಾಗಲೆಲ್ಲ ಮಕ್ಕಳನ್ನು ಎಣಿಸಬೇಕು. ಕೆರೆ, ಬಾವಿ, ಹೊಳೆಗಳ ಹತ್ತಿರ ಈಜು ಬಲ್ಲ ಹಿರಿಯರಿಲ್ಲದೆ ಒಯ್ಯಕೂಡದು. ಔಷಧವನ್ನು ಅದಕ್ಕೆಂದು ನೇಮಿಸಿದವರೇ ಕೊಡಬೇಕು. ತಂಬಾಕು, ಗುಟಕಾ, ಮದ್ಯ ಆ ಹತ್ತು ದಿನ ಆವರಣದೊಳಗೂ ಇಲ್ಲ, ಹೊರಗೂ ಇಲ್ಲ.

ಇನ್ನು ಕೆಲವನ್ನು ಹೇಳುವಾಗ ಸಂಕೋಚವಾಯಿತು, ಆದರೂ ಹೇಳಿದೆವು. ಯಾವ ಹಿರಿಯನೂ ಒಂದು ಮಗುವಿನೊಡನೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬನೇ ಇರಕೂಡದು. ಸ್ನಾನ, ಬಟ್ಟೆ, ಕಾಯಿಲೆಯ ಸಂದರ್ಭಗಳಲ್ಲಿ ಇಬ್ಬರು ಇರಬೇಕು. ಒಂದೇ ಮಗುವಿಗೆ ಗುಟ್ಟಾಗಿ ಕಾಣಿಕೆ ಕೊಡಕೂಡದು. ‘ಇದನ್ನು ಮನೆಯಲ್ಲಿ ಹೇಳಬೇಡ’ ಎಂಬ ಮಾತು ಯಾವ ಕಾರಣಕ್ಕೂ ಬಾಯಿಂದ ಬರಕೂಡದು. ಮಕ್ಕಳ ಚಿತ್ರಗಳನ್ನು ತನ್ನ ಮೊಬೈಲಿನಲ್ಲಿ ತೆಗೆದು ವಾಟ್ಸ್ಆ್ಯಪಿನಲ್ಲಿ ಹರಡಕೂಡದು. ಶಿಬಿರ ಮುಗಿದ ಮೇಲೆ ತಂದೆತಾಯಿಗಳಿಗೆ ತಿಳಿಯದಂತೆ ಮಕ್ಕಳೊಡನೆ ಫೋನಿನ ಸಂಪರ್ಕವನ್ನು ಇಟ್ಟುಕೊಳ್ಳಕೂಡದು.

ಬರೆದುದನ್ನು ಓದಿ ಹೇಳಿ ಸಹಿ ಮಾಡಿಸಿದರೆ ಸಾಲದೆಂಬುದೂ ತಿಳಿದಿದ್ದಿತು. ಆದಕಾರಣ ಒಬ್ಬೊಬ್ಬರನ್ನು ಕೇಳಿದೆವು: ‘ರಾತ್ರಿ ಹನ್ನೊಂದು ಗಂಟೆಗೆ ಮಗುವೊಂದು ಅಳುತ್ತ ನಿನ್ನ ಬಳಿ ಬಂದರೆ ಏನು ಮಾಡುವೆ? ಇಬ್ಬರು ಹುಡುಗರು ಹೊಡೆದಾಡಿದರೆ ಮೊದಲು ಏನು ಹೇಳುವೆ? ನಿನ್ನ ಗೆಳೆಯನೇ ಮಗುವಿನ ಕಿವಿ ಹಿಂಡುತ್ತಿದ್ದರೆ?’ ಅವರು ತಮ್ಮ ತಮ್ಮೊಳಗೆ ವಾದಿಸಿದರು, ತಪ್ಪಿದರು, ತಿದ್ದಿಕೊಂಡರು. ಮೂರನೆಯ ಪ್ರಶ್ನೆಗೆ ಎಲ್ಲರೂ ಬಹಳ ಹೊತ್ತು ಮೌನವಾಗಿದ್ದರು. ಆ ಮೌನವನ್ನು ಶಿಬಿರ ತೊಡಗುವ ಮುಂಚೆಯೇ ಕೇಳಿಸಿಕೊಂಡುದು ಒಳ್ಳೆಯದಾಯಿತು.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ಅದನ್ನು ಹಗುರವಾಗಿ ಕಾಣುವಂತಿಲ್ಲ. ನಮ್ಮೊಡನೆ ಬಹುಕಾಲದಿಂದ ಸೇವೆ ಮಾಡುತ್ತಿದ್ದ ಹಿರಿಯರೊಬ್ಬರಿದ್ದರು. ಊರೆಲ್ಲ ಕೈಮುಗಿಯುವ ಸಜ್ಜನರು. ಒಬ್ಬನೇ ಇರಕೂಡದೆಂಬ ಕಟ್ಟಳೆಯನ್ನು ಕೇಳಿ ಅವರ ಮುಖ ಕಂದಿತು. “ಇಷ್ಟು ವರ್ಷ ಈ ಮಕ್ಕಳನ್ನು ಎತ್ತಿ ಆಡಿಸಿದ್ದೇನೆ. ಈಗ ನನ್ನ ಮೇಲೆಯೇ ಸಂಶಯವೆ?” ಎಂದರು. ಅವರ ನೋವು ನಿಜವಾದದ್ದು. ಒಳ್ಳೆಯವನಿಗೆ ಕಟ್ಟಳೆ ಏಕೆ ಬೇಕು? ಕೆಟ್ಟವನನ್ನು ಕಟ್ಟಳೆ ತಡೆಯುವುದೆ? ಅಂತರಂಗ ಶುದ್ಧವಾಗಿದ್ದರೆ ಸಾಕಲ್ಲವೆ? ಇದು ಪೂರ್ವಪಕ್ಷ.

ಇದಕ್ಕೆ ಸಮಾಧಾನವನ್ನು ಹೀಗೆ ಹೇಳಬಹುದು. ಬಾವಿಗೆ ಕಟ್ಟೆ ಕಟ್ಟಿದವನು ಊರಿನವರೆಲ್ಲ ಕುರುಡರೆಂದು ಹೇಳಿದಂತಾಗುವುದಿಲ್ಲ. ಸರಕಾರದ ಮುದ್ರೆಯೊತ್ತಿದ ತೂಕದ ಕಲ್ಲುಗಳನ್ನು ಅಂಗಡಿಯಲ್ಲಿ ಇಟ್ಟುಕೊಳ್ಳಲು ಪ್ರಾಮಾಣಿಕನಾದ ವರ್ತಕನು ನಾಚುವುದಿಲ್ಲ. ತನ್ನ ಪ್ರಾಮಾಣಿಕತೆ ಗಿರಾಕಿಗೆ ಕಾಣಿಸುವುದು ಅವುಗಳಿಂದಲೇ ಎಂದು ಅವನು ಬಲ್ಲನು. ಎಲ್ಲರಿಗೂ ಸಮನಾದ ಕಟ್ಟಳೆ ಯಾರ ಮೇಲೂ ಅಪವಾದವಲ್ಲ. ನಂಬಿಕೆಗೆ ಪಾತ್ರರಾದವರಿಗೆ ಮಾತ್ರ ವಿನಾಯಿತಿ ಕೊಟ್ಟರೆ ಅನರ್ಥ. ಏಕೆಂದರೆ ಮಕ್ಕಳಿಗೆ ಕೇಡು ಬಗೆಯುವವನು ಮೊದಲು ಗಳಿಸಿಕೊಳ್ಳುವುದು ಹಿರಿಯರ ನಂಬಿಕೆಯನ್ನೇ. ಅವನು ಆ ವಿನಾಯಿತಿಯ ಬಾಗಿಲಿನಿಂದಲೇ ಬರುತ್ತಾನೆ. ಸಜ್ಜನರು ಕಟ್ಟಳೆಯನ್ನು ಪಾಲಿಸಿದರೆ ಮಾತ್ರ ಅದನ್ನು ಮೀರುವವನು ಎಲ್ಲರ ಕಣ್ಣಿಗೆ ಬೀಳುತ್ತಾನೆ. ಎಲ್ಲರೂ ಮೀರುವ ಕಡೆ ಅವನು ಸಜ್ಜನರ ಗುಂಪಿನಲ್ಲಿ ಅಡಗಿರುತ್ತಾನೆ.

ಮಾನದ ಮಾತೊಂದನ್ನೇ ನಂಬಿ ಕುಳಿತರೆ ಏನಾಗುವುದೆಂಬುದಕ್ಕೆ ಇತಿಹಾಸದ ಸಾಕ್ಷಿಯೂ ಇದೆ. 1910ರಲ್ಲಿ ಸ್ಥಾಪಿತವಾದ ಅಮೆರಿಕದ ಬಾಯ್ ಸ್ಕೌಟ್ ಸಂಸ್ಥೆಯು ತನ್ನ ನಿಯಮಗಳಲ್ಲಿ ಮೊಟ್ಟಮೊದಲಿನದಾಗಿ ಇಟ್ಟುಕೊಂಡ ಗುಣವೇ ವಿಶ್ವಾಸಾರ್ಹತೆ. ಲಕ್ಷಾಂತರ ಹುಡುಗರಿಗೆ ಅದು ಒಳ್ಳೆಯದನ್ನು ಕಲಿಸಿತೆಂಬುದು ನಿರ್ವಿವಾದ. ಆದರೆ 2020ರ ಫೆಬ್ರವರಿಯಲ್ಲಿ ಆ ಸಂಸ್ಥೆ ದಿವಾಳಿಯ ರಕ್ಷಣೆಯನ್ನು ಬೇಡಿ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಅದೇ ವರ್ಷದ ನವೆಂಬರದ ವೇಳೆಗೆ, ಬಾಲ್ಯದಲ್ಲಿ ಸಂಸ್ಥೆಯ ಹಿರಿಯರಿಂದ ತಮಗೆ ಲೈಂಗಿಕ ದೌರ್ಜನ್ಯ ನಡೆಯಿತೆಂದು ಹೇಳಿ ಪರಿಹಾರ ಕೋರಿದವರ ಸಂಖ್ಯೆ 80,000 ಮೀರಿತ್ತು. ಆ ಕೋರಿಕೆಗಳು ಹಲವು ದಶಕಗಳ ಹಿಂದಿನವು. ಬಾಯಿ ಬಿಡಲು ಅವರಿಗೆ ಅಷ್ಟು ಕಾಲ ಬೇಕಾಯಿತು. ಇಂದು ಆ ಸಂಸ್ಥೆಯಲ್ಲಿ ಯಾವ ಚಟುವಟಿಕೆಗೂ ಕಡಿಮೆಪಕ್ಷ ಇಬ್ಬರು ವಯಸ್ಕರು ಇರಲೇಬೇಕೆಂಬ ಕಟ್ಟಳೆಯಿದೆ. ಮಾನದ ಪ್ರತಿಜ್ಞೆಯನ್ನೇ ತಳಹದಿಯಾಗಿ ಉಳ್ಳವರಿಗೂ ಕಟ್ಟಳೆ ಬೇಕಾಯಿತೆಂಬುದನ್ನು ನಾವು ಮರೆಯಬಾರದು.

ನಮ್ಮ ಹಿರಿಯರಿಗೆ ನಾನು ಇಷ್ಟನ್ನೂ ಹೇಳಲಿಲ್ಲ. “ಅಣ್ಣಾವ್ರೇ, ನಿಮ್ಮ ಮೇಲೆ ಸಂಶಯವಿಲ್ಲ. ನೀವು ಪಾಲಿಸಿದರೆ ಈ ಹುಡುಗರು ಪಾಲಿಸುತ್ತಾರೆ. ನೀವು ಬಿಟ್ಟರೆ ನಾಳೆ ಯಾರಿಗೆ ಹೇಳಲಿ?” ಎಂದಷ್ಟೇ ಕೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕನ್ನಡಕವನ್ನು ಒರೆಸಿಕೊಂಡು, ಕಾಗದದಲ್ಲಿ ಎಲ್ಲರಿಗಿಂತ ಮೊದಲು ಸಹಿ ಮಾಡಿದರು. ಆ ಒಂದು ಸಹಿ ನನ್ನ ಹತ್ತು ಉಪನ್ಯಾಸಗಳಿಗಿಂತ ಹೆಚ್ಚು ಕೆಲಸ ಮಾಡಿತು.

ಇದೇ ಎರಡನೆಯ ಅಂಶ. ಪಂಚಾಚಾರಗಳಲ್ಲಿ ಭೃತ್ಯಾಚಾರವೆಂಬುದೊಂದುಂಟು. ತಾನು ಎಲ್ಲರಿಗಿಂತ ಕಿರಿಯನು, ಶಿವಭಕ್ತರೆಲ್ಲರ ಸೇವಕನು ಎಂಬ ಭಾವದಿಂದ ನಡೆಯುವುದೇ ಭೃತ್ಯಾಚಾರ. ನಡತೆಯನ್ನು ವಿಧಿಸುವವನಿಗೆ ಇದು ಎಲ್ಲರಿಗಿಂತ ಹೆಚ್ಚಾಗಿ ಬೇಕು. ಕಾರ್ಯಕರ್ತರಿಗೆ ಮೊಬೈಲನ್ನು ದೂರವಿಡಲು ಹೇಳಿ, ಮುಖ್ಯಸ್ಥನು ಪಂಕ್ತಿಯಲ್ಲಿ ಕುಳಿತು ಫೋನಿನಲ್ಲಿ ಮಾತನಾಡುತ್ತಿದ್ದರೆ ಕಟ್ಟಳೆ ಅಂದಿಗೇ ಸತ್ತಿತು. ಮಕ್ಕಳಿಗೆ ರೊಟ್ಟಿ ಸಾರು, ಹಿರಿಯರಿಗೆ ಒಳಗೆ ಬೇರೆ ಊಟವಾದರೆ ದಾಸೋಹದ ಮಾತಿಗೆ ಬೆಲೆಯಿಲ್ಲ. ಬಸವಾದಿ ಶರಣರು ನುಡಿಗೂ ನಡೆಗೂ ನಡುವೆ ಎಡೆಯಿರಬಾರದೆಂದು ಮತ್ತೆ ಮತ್ತೆ ಎಚ್ಚರಿಸಿದುದನ್ನು ನಾವು ಪೂಜೆ ಪ್ರವಚನಗಳಿಗೆ ಅನ್ವಯಿಸುತ್ತೇವೆ. ಅದರ ನಿಜವಾದ ಪರೀಕ್ಷೆ ನಡೆಯುವುದು ಇಂತಹ ಸಣ್ಣ ಸ್ಥಳಗಳಲ್ಲಿ, ನೋಡುವವರು ಎಂಟು ವರ್ಷದ ಮಕ್ಕಳಾಗಿರುವಲ್ಲಿ. ಮಕ್ಕಳು ನಮ್ಮ ಮಾತನ್ನು ಅರ್ಧ ಕೇಳುತ್ತಾರೆ. ನಮ್ಮ ನಡೆಯನ್ನು ಪೂರ್ತಿ ನೋಡುತ್ತಾರೆ.

ಮೂರನೆಯದು, ತಪ್ಪಾದಾಗ ತಿದ್ದುವ ರೀತಿ. ಇಲ್ಲಿ ವಿವೇಕ ಬೇಕು. ಎಲ್ಲ ತಪ್ಪುಗಳೂ ಒಂದೇ ಜಾತಿಯವಲ್ಲ. ಅರಿಯದೆ ಮಾಡಿದ ತಪ್ಪುಂಟು. ಅದಕ್ಕೆ ಮದ್ದು ತಿಳಿವಳಿಕೆ. ದಣಿವಿನಿಂದ, ಸಿಟ್ಟಿನಿಂದ ಆದ ತಪ್ಪುಂಟು. ಹದಿನಾರು ಗಂಟೆ ಎಚ್ಚರವಿದ್ದ ತರುಣನ ನಾಲಗೆ ಒರಟಾಗುವುದು ಸಹಜ. ಅದಕ್ಕೆ ಮದ್ದು ವಿಶ್ರಾಂತಿ, ಏಕಾಂತದಲ್ಲಿ ಹೇಳಿದ ಎಚ್ಚರಿಕೆಯ ಮಾತು. ಇವೆರಡಕ್ಕೂ ನಾವು ತಾಳ್ಮೆಯಿಂದ ಅವಕಾಶ ಕೊಡಬೇಕು. ಆದರೆ ಮಗುವಿನ ಮೈಗೆ, ಮಾನಕ್ಕೆ ತಿಳಿದೂ ತಿಳಿದು ಕೇಡು ಬಗೆಯುವುದು ಬೇರೆ ಜಾತಿಯದು. ಅಲ್ಲಿ ‘ಇನ್ನೊಂದು ಅವಕಾಶ’ವೆಂಬ ಮಾತಿಗೆ ಎಡೆಯಿಲ್ಲ. ಅಂಥವನನ್ನು ಆ ಕ್ಷಣವೇ ಮಕ್ಕಳಿಂದ ದೂರ ಮಾಡಬೇಕು. ‘ದಯೆ ಧರ್ಮದ ಮೂಲವಲ್ಲವೆ, ಕ್ಷಮಿಸಬಾರದೆ?’ ಎಂದು ಕೇಳುವವರುಂಟು. ಕ್ಷಮೆ ಬೇರೆ, ಹೊಣೆಯನ್ನು ಮರಳಿ ಒಪ್ಪಿಸುವುದು ಬೇರೆ. ದಯೆಯನ್ನು ಮೊದಲು ಬೇಡುವ ಹಕ್ಕುಳ್ಳದ್ದು ಮಗು. ಆ ಮಗುವನ್ನು ಹಿಂದಿಟ್ಟು ದೊಡ್ಡವನಿಗೆ ತೋರುವ ದಯೆ ದಯೆಯಲ್ಲ; ಅದು ನಮ್ಮ ಅಂಜಿಕೆಗೆ ನಾವೇ ಇಟ್ಟುಕೊಂಡ ಸುಂದರವಾದ ಹೆಸರು.

ಈ ಅಂಜಿಕೆಯ ಬೇರು ಎಲ್ಲಿದೆ? ಸಂಸ್ಥೆಗೆ ಕೆಟ್ಟ ಹೆಸರು ಬಂದೀತೆಂಬುದರಲ್ಲಿ. ಮನೆತನದ ಮರ್ಯಾದೆ, ಊರಿನ ಮರ್ಯಾದೆ, ಸಂಸ್ಥೆಯ ಮರ್ಯಾದೆಯೆಂದು ಎಷ್ಟೋ ಸಂಗತಿಗಳನ್ನು ಹಿರಿಯರು ಮುಚ್ಚಿಬಿಡುತ್ತಾರೆ. ಪಂಚಾಚಾರಗಳಲ್ಲಿ ಇನ್ನೊಂದಾದ ಗಣಾಚಾರವನ್ನು ಇಲ್ಲಿ ನೆನೆಯಬೇಕು. ಶಿವನಿಂದೆಯನ್ನು ಕೇಳಿ ಸುಮ್ಮನಿರಬಾರದೆಂಬುದು ಗಣಾಚಾರದ ಪ್ರಸಿದ್ಧವಾದ ಅರ್ಥ. ಜಂಗಮದಲ್ಲಿಯೂ ಜೀವರಲ್ಲಿಯೂ ಶಿವನನ್ನು ಕಾಣುವ ಮತಕ್ಕೆ ಅಸಹಾಯಕವಾದ ಮಗುವಿನ ಅವಮಾನವು ಶಿವನಿಂದೆಯಲ್ಲದೆ ಮತ್ತೇನು? ಅದನ್ನು ಕಂಡು ಸುಮ್ಮನಿರುವುದು ಆಚಾರಭಂಗ. ಗೆಳೆಯನು ಮಗುವಿನ ಕಿವಿ ಹಿಂಡುತ್ತಿದ್ದಾಗ ಏನು ಮಾಡುವೆಯೆಂಬ ಪ್ರಶ್ನೆಗೆ ನಮ್ಮ ತರುಣರು ಮೌನವಾದರಲ್ಲ. ಆ ಮೌನಕ್ಕೆ ಉತ್ತರ ಇದು. ಗೆಳೆತನ ದೊಡ್ಡದು, ಆದರೆ ಹೇಳದೆ ಉಳಿಸಿಕೊಂಡ ಗೆಳೆತನ ಇಬ್ಬರನ್ನೂ ಕೆಡಿಸುತ್ತದೆ.

ದೇಶದ ಕಾನೂನು ಕೂಡ ಈಗ ಇದನ್ನೇ ಹೇಳುತ್ತದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಕಲಮು ಶಾಲೆಯಲ್ಲಿ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2012ರ ಪೋಕ್ಸೊ ಕಾಯಿದೆಯಂತೆ 18 ವರ್ಷದೊಳಗಿನವರೆಲ್ಲರೂ ಮಕ್ಕಳೇ. ಅವರ ಮೇಲೆ ಲೈಂಗಿಕ ಅಪರಾಧ ನಡೆದಿರುವುದು ತಿಳಿದವರು, ನಡೆಯಬಹುದೆಂಬ ಆತಂಕವುಳ್ಳವರು, ಯಾರೇ ಆಗಲಿ ಪೊಲೀಸರಿಗೆ ತಿಳಿಸತಕ್ಕದ್ದೆಂದು ಅದರ 19ನೆಯ ಕಲಮು ವಿಧಿಸುತ್ತದೆ. ಸದುದ್ದೇಶದಿಂದ ತಿಳಿಸಿದವನ ಮೇಲೆ ಮೊಕದ್ದಮೆ ಹೂಡಲಾಗದು. ತನ್ನ ಕೈಕೆಳಗಿನವನ ಅಪರಾಧವನ್ನು ತಿಳಿಸದೆ ಬಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆವಾಸ ಮತ್ತು ದಂಡವುಂಟು. ‘ನಮ್ಮೊಳಗೇ ವಿಚಾರಿಸಿ ಮುಗಿಸುತ್ತೇವೆ’ ಎನ್ನುವುದಕ್ಕೆ ಅಲ್ಲಿ ಅವಕಾಶವಿಲ್ಲ. ಮಕ್ಕಳ ನೆರವಿಗಾಗಿ 1098 ಎಂಬ ದೂರವಾಣಿ ಸಂಖ್ಯೆಯೂ ಇದೆ. ಆ ಸಂಖ್ಯೆಯನ್ನು ಮಕ್ಕಳ ಕಣ್ಣಿಗೆ ಕಾಣುವಂತೆ ಗೋಡೆಯ ಮೇಲೆ ಬರೆಯಿಸಿದರೆ ಶಿಬಿರದ ಮರ್ಯಾದೆ ಕುಗ್ಗುವುದಿಲ್ಲ. ಕಾನೂನು ಭಯದಿಂದ ಮಾಡಿಸುವುದನ್ನು ಗಣಾಚಾರಿಯು ಭಕ್ತಿಯಿಂದ ಮಾಡಬೇಕು. ಇಬ್ಬರಿಗೂ ಇರುವ ವ್ಯತ್ಯಾಸ ಅಷ್ಟೇ.

ಕೊನೆಯದಾಗಿ ಗೃಹಸ್ಥರಾದ ಬಂಧುಗಳಲ್ಲಿ ಒಂದು ವಿಜ್ಞಾಪನೆ. ಈ ಬೇಸಿಗೆಯಲ್ಲಿ ಮಗುವನ್ನು ಶಿಬಿರಕ್ಕೆ ಕಳುಹಿಸುವಾಗ ಆ ನಾಲ್ಕನೆಯ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಿರಿ. ರಾತ್ರಿ ಮಕ್ಕಳ ಬಳಿ ಇರುವವರು ಯಾರು, ಕಾರ್ಯಕರ್ತರಿಗೆ ಏನನ್ನು ಹೇಳಿಕೊಟ್ಟಿದ್ದೀರಿ, ಮಗು ಮನೆಗೆ ಮಾತನಾಡಬೇಕೆಂದರೆ ಬಿಡುವಿರೋ ಎಂದು ವಿಚಾರಿಸಿರಿ. ಒಳ್ಳೆಯ ಶಿಬಿರದವರು ಈ ಪ್ರಶ್ನೆಗಳಿಂದ ಸಿಟ್ಟಾಗುವುದಿಲ್ಲ; ಸಿಟ್ಟಾದರೆ ಅದೇ ನಿಮಗೆ ಉತ್ತರ. ಮಗು ಹಿಂದಿರುಗಿ ಬಂದು ಏನಾದರೂ ಹೇಳಿದರೆ, ‘ಅವರು ದೊಡ್ಡವರು, ಹಾಗೆಲ್ಲ ಹೇಳಬಾರದು’ ಎಂದು ಬಾಯಿ ಮುಚ್ಚಿಸಬೇಡಿರಿ. ಮತ್ತು ಇದೇ ಕಟ್ಟಳೆಗಳು ನಮ್ಮ ಮನೆಗಳಲ್ಲಿ ಎಷ್ಟಿವೆಯೆಂದು ಒಮ್ಮೆ ನೋಡಿಕೊಳ್ಳೋಣ. ಬಂಧುಗಳ ಎದುರು ಮಗುವಿನ ತಪ್ಪುಗಳನ್ನು ಎತ್ತಿ ಆಡಿ ನಗುವ ನಾವು, ಶಿಬಿರದ ತರುಣನು ಅಂಗಳದಲ್ಲಿ ಮಾಡಿದುದನ್ನು ಪಡಸಾಲೆಯಲ್ಲಿ ಮಾಡುತ್ತಿಲ್ಲವೆ? ಆ ತರುಣನು ಅದನ್ನು ಕಲಿತದ್ದು ಇಂತಹ ಯಾವುದೋ ಸ್ಥಳದಲ್ಲಿಯೇ.

ಆ ನಾಲ್ಕನೆಯ ದಿನದ ಕಥೆಯ ಉಳಿದ ಭಾಗವನ್ನು ಹೇಳಿ ಮುಗಿಸುತ್ತೇನೆ. ಅಂದು ರಾತ್ರಿ ನಾನು ತರುಣನನ್ನು ಒಬ್ಬನನ್ನೇ ಕರೆದು, “ತಮ್ಮಾ, ನಾನು ನಿನಗೆ ಹೇಳಬೇಕಾದುದನ್ನು ಮೊದಲೇ ಹೇಳಲಿಲ್ಲ, ಹೇಳಬಾರದ ಕಡೆ ಹೇಳಿದೆ. ಎರಡೂ ನನ್ನ ತಪ್ಪು” ಎಂದೆನು. ಅವನು ಅತ್ತನು. ಮರುದಿನದಿಂದ ಪ್ರತಿರಾತ್ರಿ ಹನ್ನೊಂದಕ್ಕೆ, ಇನ್ನೊಬ್ಬ ಕಾರ್ಯಕರ್ತನನ್ನು ಜೊತೆಗೆ ಕರೆದುಕೊಂಡು, ಆ ಹುಡುಗನನ್ನು ಎಬ್ಬಿಸಿ ಹೊರಗೆ ಕರೆದೊಯ್ದು ತಂದು ಮಲಗಿಸುತ್ತಿದ್ದನು. ಚಾಪೆ ಮತ್ತೆ ಒದ್ದೆಯಾಗಲಿಲ್ಲ. ಹುಡುಗನು ಊಟ ಮಾಡಿದನು, ಆಡಿದನು, ಶಿಬಿರ ಮುಗಿಯುವವರೆಗೂ ಇದ್ದನು. ಆದರೆ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಮಾತ್ರ ಕೊನೆಯ ದಿನದವರೆಗೂ ಎಲ್ಲರ ಹಿಂದೆ, ಗೋಡೆಗೆ ಒರಗಿ ನಿಲ್ಲುತ್ತಿದ್ದನು. ನಾವು ಎಷ್ಟು ಕರೆದರೂ ಮುಂದೆ ಬರಲಿಲ್ಲ.

ಪಶ್ಚಾತ್ತಾಪ ನಮ್ಮನ್ನು ತಿದ್ದಬಲ್ಲದು. ಮಗುವಿಗೆ ಆ ಬೆಳಗನ್ನು ಮರಳಿ ಕೊಡಲಾರದು. ಆ ಬೆಳಗನ್ನು ಉಳಿಸಬಹುದಾಗಿದ್ದುದು ಹಿಂದಿನ ಸಂಜೆ ಹೇಳಬೇಕಾಗಿದ್ದ ನಾಲ್ಕು ಮಾತು. ಹೇಳಬೇಕಾದುದನ್ನು ಹೊತ್ತಿಗೆ ಮುಂಚೆ ಹೇಳುವುದು, ಹೇಳಿದುದನ್ನು ತಾನು ಮೊದಲು ನಡೆಯುವುದು ಮಕ್ಕಳ ನಡುವೆ ನಿಲ್ಲುವವರ ಆಚಾರ.